ತೆರೆದ ಬಯಲು, ಮುಚ್ಚಿದ ಬಾಗಿಲು

(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಗಾಲ್ಫ್ ಆಟದ ವಿಚಾರವಾಗಿ ಮಾತನಾಡಲು ಹೊರಟಿದ್ದಾನೆಂದರೆ ಕೇಳುವವರಿಗೆ ಸೋಜಿಗವಾಗಬಹುದು. ನನಗೂ ಆಗಿದೆ. ನಾನು ಆ ಆಟವನ್ನು ಆಡಿದವನಲ್ಲ. ಅದರ ಕೋಲನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಆದರೆ ಯಾವುದಾದರೊಂದು ಪದದ ಬೆನ್ನು ಹತ್ತುವುದು ಭಾಷೆಯ ಮೇಷ್ಟರಿಗೆ ಅಂಟಿದ ಚಟ. ಈ ಸಲ ನನ್ನನ್ನು ಹಿಡಿದ ಪದ 'ಓಪನ್' ಎಂಬುದು. ಗಾಲ್ಫ್ ಆಟದ ದೊಡ್ಡ ಪಂದ್ಯಾವಳಿಗಳಲ್ಲೆಲ್ಲ ಅತ್ಯಂತ ಹಳೆಯದಕ್ಕೆ ಅದೇ ಹೆಸರು. ನಾವು ಬ್ರಿಟಿಷ್ ಓಪನ್ ಎನ್ನುತ್ತೇವೆ. ಅದನ್ನು ನಡೆಸುವವರು ದೇಶದ ಹೆಸರನ್ನು ಸೇರಿಸದೆ ಬರಿಯ 'ದಿ ಓಪನ್' ಎನ್ನುತ್ತಾರೆ. ಓಪನ್ ಎಂದರೆ ತೆರೆದದ್ದು. ಯಾರಿಗೆ ತೆರೆದದ್ದು, ಎಂದು ತೆರೆದದ್ದು, ಎಷ್ಟು ತೆರೆದದ್ದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಆ ಪಂದ್ಯಾವಳಿಯ ಚರಿತ್ರೆಯೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ನನ್ನ ಮಗಳು ಎಡಿನ್‌ಬರೋ ನಗರದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಒಂದು ಭಾನುವಾರ ನನ್ನನ್ನು ಸೇಂಟ್ ಆಂಡ್ರೂಸ್ ಎಂಬ ಕಡಲತೀರದ ಊರಿಗೆ ಕರೆದುಕೊಂಡು ಹೋದಳು. ಗಾಲ್ಫ್ ಆಟಗಾರರಿಗೆ ಅದು ಕಾಶಿಯಿದ್ದಂತೆ. ಅಲ್ಲಿಯ ಹಳೆಯ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಊರವರು ನಾಯಿಗಳನ್ನೂ ಮಕ್ಕಳನ್ನೂ ಕರೆದುಕೊಂಡು ಹುಲ್ಲಿನ ಮೇಲೆ ಸುತ್ತಾಡುತ್ತಾರೆ. ಅದು ಊರವರ ಹಕ್ಕು. ಆ ಮರಳು ಬಯಲಿನಲ್ಲಿ ಮೊಲ ಸಾಕುವುದಕ್ಕೂ ಚೆಂಡಾಡುವುದಕ್ಕೂ ಪ್ರಜೆಗಳಿಗಿದ್ದ ಹಕ್ಕನ್ನು ಅಲ್ಲಿಯ ಆರ್ಚ್‌ಬಿಷಪ್ 1552ರಷ್ಟು ಹಿಂದೆಯೇ ಬರೆದು ಸ್ಥಿರಪಡಿಸಿದ್ದ. ಬಯಲು ಎಲ್ಲರದು. ಆದರೆ ಆ ಬಯಲಿನ ತಲೆಯಲ್ಲಿ ಕಲ್ಲಿನ ಕಟ್ಟಡವೊಂದು ನಿಂತಿದೆ. 1854ರಲ್ಲಿ ಕಟ್ಟಿದ, ರಾಯಲ್ ಅಂಡ್ ಏನ್ಷಂಟ್ ಕ್ಲಬ್ಬಿನ ಮನೆ ಅದು. ಅದರ ಬಾಗಿಲು ಮುಚ್ಚಿತ್ತು. ಸದಸ್ಯರಿಗೆ ಮಾತ್ರ ಪ್ರವೇಶ.

ತೆರೆದ ಬಯಲು, ಮುಚ್ಚಿದ ಬಾಗಿಲು. ಇವೆರಡನ್ನು ಒಟ್ಟಿಗೆ ಕಂಡಾಗ ನನಗೆ ನನ್ನ ತಂದೆಯ ನೆನಪಾಯಿತು. ನಮ್ಮ ಊರಿನಲ್ಲಿ ಅಧಿಕಾರಿಗಳೂ ವಕೀಲರೂ ಸೇರುತ್ತಿದ್ದ ಒಂದು ಕ್ಲಬ್ಬಿತ್ತು. ಹೆಸರು ಬೇಡ. ನನ್ನ ತಂದೆ ಅಲ್ಲಿ ಟೆನಿಸ್ ಅಂಕಣವನ್ನು ನೋಡಿಕೊಳ್ಳುತ್ತಿದ್ದರು. ಉರುಳುಗಲ್ಲು ಎಳೆಯುವುದು, ನೀರು ಚಿಮುಕಿಸುವುದು, ಸುಣ್ಣದ ಗೆರೆ ಹಾಕುವುದು, ಬಲೆ ಕಟ್ಟುವುದು ಅವರ ಕೆಲಸ. ಅಂಕಣದ ಒಂದೊಂದು ಅಂಗುಲವೂ ಅವರಿಗೆ ಗೊತ್ತಿತ್ತು. ಕಟ್ಟಡದ ಒಳಗೆ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವರಿಗೆ ಬುತ್ತಿ ಕೊಂಡೊಯ್ಯುತ್ತಿದ್ದ ನಾನು ಹಿತ್ತಲ ಕಡೆಯಿಂದಲೇ ಹೋಗಿ ಹಿತ್ತಲ ಕಡೆಯಿಂದಲೇ ಬರುತ್ತಿದ್ದೆ. ಓಪನ್ ಪಂದ್ಯಾವಳಿಯ ಕಥೆಯೂ ಹಿತ್ತಲ ಬಾಗಿಲಿನವರಿಂದಲೇ ಮೊದಲಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಗಾಲ. ಸ್ಕಾಟ್ಲೆಂಡಿನ ಕಡಲತೀರದ ಊರುಗಳಲ್ಲಿ ಗಾಲ್ಫ್ ಆಡುತ್ತಿದ್ದ ಶ್ರೀಮಂತರು ತಮ್ಮತಮ್ಮ ಕ್ಲಬ್ಬುಗಳನ್ನು ಕಟ್ಟಿಕೊಂಡಿದ್ದರು. ಅವರ ಕೋಲುಗಳನ್ನು ಹೊತ್ತು ಹಿಂದೆ ನಡೆಯುವವನಿಗೆ ಕ್ಯಾಡಿ ಎಂದು ಹೆಸರು. ಕ್ಯಾಡಿಗಳಲ್ಲಿ ಕೆಲವರು ಚೆಂಡು ಹೊಲಿಯುತ್ತಿದ್ದರು, ಕೆಲವರು ಕೋಲು ಕೆತ್ತುತ್ತಿದ್ದರು, ಕೆಲವರು ಹುಲ್ಲಿನ ಆರೈಕೆ ಮಾಡುತ್ತಿದ್ದರು. ದಿನವೆಲ್ಲ ಮೈದಾನದಲ್ಲಿಯೇ ಬೆಳೆದ ಇವರು ತಮ್ಮ ಧಣಿಗಳಿಗಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದುದು ಸಹಜವೇ. ಅವರೇ ಮೊದಲ ವೃತ್ತಿ ಆಟಗಾರರು. ಅವರಲ್ಲೆಲ್ಲ ಹಿರಿಯ ಸೇಂಟ್ ಆಂಡ್ರೂಸಿನ ಆಲನ್ ರಾಬರ್ಟ್‌ಸನ್. ತೊಗಲಿನ ಚೀಲದೊಳಗೆ ಹಕ್ಕಿಯ ಪುಕ್ಕವನ್ನು ಗಿಡಿದು ಚೆಂಡು ಮಾಡುವುದು ಅವನ ಕಸುಬು. ಅವನ ಕೈಕೆಳಗೆ ಕೆಲಸ ಕಲಿತವನು ಟಾಮ್ ಮಾರಿಸ್. ಮಲಯದ ಮರದ ಹಾಲಿನಿಂದ ಮಾಡಿದ ಅಗ್ಗದ ಹೊಸ ಚೆಂಡು ಬಂದಾಗ ಟಾಮ್ ಅದರಿಂದ ಆಡಿದನೆಂದು ಗುರುಶಿಷ್ಯರಿಗೆ ಮನಸ್ತಾಪವಾಯಿತು. ಟಾಮ್ 1851ರಲ್ಲಿ ಪಶ್ಚಿಮ ತೀರದ ಪ್ರೆಸ್ಟ್‌ವಿಕ್ ಎಂಬ ಊರಿಗೆ ಮೈದಾನದ ಪಾಲಕನಾಗಿ ಹೊರಟುಹೋದ.

1859ರಲ್ಲಿ ರಾಬರ್ಟ್‌ಸನ್ ತೀರಿಕೊಂಡ. ಇನ್ನು ಮುಂದೆ ಆಟದಲ್ಲಿ ಅಗ್ರಗಣ್ಯನು ಯಾರು ಎಂಬ ಪ್ರಶ್ನೆ ಎದ್ದಿತು. ಅದನ್ನು ತೀರ್ಮಾನಿಸಲು ಪ್ರೆಸ್ಟ್‌ವಿಕ್ ಕ್ಲಬ್ಬಿನವರು ಒಂದು ಪಂದ್ಯ ಏರ್ಪಡಿಸಿ, ನಿಮ್ಮಲ್ಲಿಯ ಮರ್ಯಾದಸ್ಥ ಕ್ಯಾಡಿಗಳನ್ನು ಕಳುಹಿಸಿಕೊಡಿ ಎಂದು ಇತರ ಕ್ಲಬ್ಬುಗಳಿಗೆ ಬರೆದರು. 1860ರ ಅಕ್ಟೋಬರ್ 17ರಂದು ಆಡಲು ಬಂದವರು ಎಂಟೇ ಮಂದಿ. ಹನ್ನೆರಡು ಕುಳಿಗಳ ಮೈದಾನವನ್ನು ಒಂದೇ ದಿನದಲ್ಲಿ ಮೂರು ಸುತ್ತು ಆಡಬೇಕು; ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಲೆಕ್ಕದಲ್ಲಿ ಮೋಸವಾಗದಂತೆ ನೋಡಿಕೊಳ್ಳಲು ಆಟಗಾರರ ಜೊತೆಗೆ ಕಾವಲಿನವರು ನಡೆದರು. ಎಗ್ಲಿಂಟನ್ ಪ್ರಭು ತನ್ನ ಜಮೀನಿನ ಕೂಲಿಯಾಳುಗಳಿಗೆ ಕೊಡುತ್ತಿದ್ದ ಅಂಗಿಗಳನ್ನೇ ಇವರಿಗೂ ತೊಡಿಸಿದ್ದನೆಂದು ಹೇಳಿಕೆ ಉಂಟು. ಮಸಲ್‌ಬರೋ ಊರಿನ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಗೆದ್ದ. ಟಾಮ್ ಮಾರಿಸ್ ಎರಡು ಹೊಡೆತ ಹಿಂದೆ ಬಿದ್ದ. ಬಹುಮಾನ ಹಣವಲ್ಲ, ಬೆಳ್ಳಿಯ ಕೊಂಡಿಯಿದ್ದ ಕೆಂಪು ತೊಗಲಿನ ನಡುಪಟ್ಟಿ. ಅದಾದರೂ ಗೆದ್ದವನ ಮನೆಗೆ ಹೋಗಬೇಕಾದರೆ ಅವನು ತಕ್ಕ ಜಾಮೀನು ಕೊಡಬೇಕಾಗಿತ್ತು. ಪಟ್ಟಿ ಗೆಲ್ಲಬಲ್ಲವನು ಅದನ್ನು ಜೋಪಾನ ಮಾಡಬಲ್ಲನೆಂದು ನಂಬಲು ಕ್ಲಬ್ಬಿನವರು ಸಿದ್ಧರಿರಲಿಲ್ಲ.

ಇಲ್ಲಿಯವರೆಗೆ 'ಓಪನ್' ಎಂಬ ಮಾತು ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಮೊದಲ ವರ್ಷದ ಪಂದ್ಯ ವೃತ್ತಿಯವರಿಗೆ ಮಾತ್ರ ಮೀಸಲಾಗಿತ್ತು. ನಮಗೇಕೆ ಅವಕಾಶವಿಲ್ಲ ಎಂದು ಶ್ರೀಮಂತ ಹವ್ಯಾಸಿಗಳು ಕೇಳಿದರು. 1861ರ ಪಂದ್ಯದ ಹಿಂದಿನ ದಿನ ಕ್ಲಬ್ಬಿನವರು ಸಭೆ ಸೇರಿ, ಈ ಪಟ್ಟಿಯ ಪಂದ್ಯ ಇನ್ನು ಮುಂದೆ ಇಡೀ ಜಗತ್ತಿಗೇ ತೆರೆದದ್ದು ಎಂದು ಗೊತ್ತುವಳಿ ಮಾಡಿದರು. ನನ್ನನ್ನು ಬೆರಗುಗೊಳಿಸಿದ ಸಂಗತಿ ಇದೇ. ಮೊದಲ ಸಲ ಆ ಬಾಗಿಲು ತೆರೆದದ್ದು ಹೊರಗೆ ನಿಂತ ಬಡವನಿಗಲ್ಲ. ಬಡವರು ಆಡುತ್ತಿದ್ದ ಕಣದೊಳಕ್ಕೆ ಧಣಿಗಳು ಬರಲೆಂದು ತೆರೆದದ್ದು ಅದು. ಆದರೆ ಪದಗಳಿಗೆ ಒಂದು ಗುಣವಿದೆ. ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಅವು ಆಡಿದವನ ಇಚ್ಛೆಯಂತೆ ನಡೆಯುವುದಿಲ್ಲ. ಜಗತ್ತಿಗೇ ತೆರೆದದ್ದು ಎಂದ ಮೇಲೆ ಜಗತ್ತು ಒಂದು ದಿನ ಬಂದೇ ಬರುತ್ತದೆ.

ಮೊದಲ ಹನ್ನೆರಡು ವರ್ಷಗಳ ಕಥೆ ಬಹುಮಟ್ಟಿಗೆ ಮಾರಿಸ್ ಮನೆತನದ ಕಥೆ. ತಂದೆ ಟಾಮ್ 1861, 1862, 1864 ಮತ್ತು 1867ರಲ್ಲಿ ಗೆದ್ದ. ಕೊನೆಯ ಗೆಲವಿನಲ್ಲಿ ಅವನಿಗೆ 46 ವರ್ಷ. ಮರುವರ್ಷವೇ ಅವನ ಮಗ, ಅವನ ಹೆಸರೂ ಟಾಮ್, 17ನೆಯ ವಯಸ್ಸಿನಲ್ಲಿ ಗೆದ್ದ. ಅತಿ ಹಿರಿಯ ವಿಜೇತ ತಂದೆ, ಅತಿ ಕಿರಿಯ ವಿಜೇತ ಮಗ. ಈ ಎರಡು ದಾಖಲೆಗಳನ್ನೂ ಇಂದಿನವರೆಗೆ ಯಾರೂ ಮುರಿದಿಲ್ಲ. 1869ರಲ್ಲಿ ಮಗ ಮೊದಲಿಗ, ತಂದೆ ಎರಡನೆಯವ. 1870ರಲ್ಲಿ 578 ಗಜ ದೂರದ ಮೊದಲ ಕುಳಿಯನ್ನು ಹುಡುಗ ಮೂರೇ ಹೊಡೆತಗಳಲ್ಲಿ ತಲಪಿ, ಒಟ್ಟು 149 ಹೊಡೆತಗಳಲ್ಲಿ ಆಟ ಮುಗಿಸಿ, ಸತತ ಮೂರನೆಯ ಸಲ ಗೆದ್ದ. ಸತತವಾಗಿ ಮೂರು ಸಲ ಗೆದ್ದವನಿಗೆ ಪಟ್ಟಿ ಸ್ವಂತವೆಂಬುದು ನಿಯಮ. ಅವನು ಅದನ್ನು ತೆಗೆದುಕೊಂಡು ಮನೆಗೆ ಹೋದ. ಪಣಕ್ಕಿಡಲು ಏನೂ ಉಳಿಯದೆ 1871ರಲ್ಲಿ ಪಂದ್ಯವೇ ನಡೆಯಲಿಲ್ಲ. ಕಡೆಗೆ ಪ್ರೆಸ್ಟ್‌ವಿಕ್, ಸೇಂಟ್ ಆಂಡ್ರೂಸ್, ಎಡಿನ್‌ಬರೋಗಳ ಮೂರು ಕ್ಲಬ್ಬುಗಳು ತಲಾ ಹತ್ತು ಪೌಂಡು ಹಾಕಿ, ದ್ರಾಕ್ಷಾರಸದ ಹೂಜಿಯ ಆಕಾರದ ಬೆಳ್ಳಿಯ ಪಾತ್ರೆಯೊಂದನ್ನು ಮಾಡಿಸಿದವು. ಇಂದಿಗೂ ಗೆದ್ದವರು ಎತ್ತಿ ಹಿಡಿಯುವ 'ಕ್ಲಾರೆಟ್ ಜಗ್' ಅದರ ಪಡಿಯಚ್ಚು. ಅದರ ಮೇಲೆ ಕೆತ್ತಿದ ಮೊದಲ ಹೆಸರು ಕಿರಿಯ ಟಾಮನದು. 1872ರಲ್ಲಿ ಅವನು ಗೆದ್ದಾಗ ಹೂಜಿ ಇನ್ನೂ ಸಿದ್ಧವಾಗಿರಲಿಲ್ಲ. ಒಂದು ಪದಕ ಕೊಟ್ಟು ಕಳುಹಿಸಿದರು. ಆ ಹೂಜಿಯನ್ನು ಅವನು ಕೈಯಲ್ಲಿ ಹಿಡಿಯಲೇ ಇಲ್ಲ.

1875ರ ಸೆಪ್ಟೆಂಬರಿನಲ್ಲಿ ತಂದೆ ಮಕ್ಕಳಿಬ್ಬರೂ ನಾರ್ತ್ ಬೆರಿಕ್ ಎಂಬಲ್ಲಿ ಪಾರ್ಕ್ ಸಹೋದರರೊಡನೆ ಪಂದ್ಯ ಆಡುತ್ತಿದ್ದರು. ಕಿರಿಯ ಟಾಮನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ ಎಂದು ತಂತಿ ಬಂತು. ರೈಲಿನಲ್ಲಿ ಸುತ್ತಿ ಹೋದರೆ ಹೊತ್ತಾಗುವುದೆಂದು ದೋಣಿಯಲ್ಲಿ ಕಡಲು ದಾಟಿದರು. ಹೋಗಿ ಸೇರುವ ಹೊತ್ತಿಗೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಅದೇ ವರ್ಷ ಕ್ರಿಸ್ಮಸ್ ದಿನ ಕಿರಿಯ ಟಾಮನೂ ತೀರಿಕೊಂಡ. ಅವನಿಗಾಗ 24 ವರ್ಷ. ಸೇಂಟ್ ಆಂಡ್ರೂಸಿನ ಪಾಳುಬಿದ್ದ ಕೆಥೆಡ್ರಲ್ಲಿನ ಆವರಣದಲ್ಲಿ ಅವನ ಸಮಾಧಿ ಇದೆ. ಟೋಪಿ ಧರಿಸಿ, ಚೆಂಡಿನ ಮೇಲೆ ಬಾಗಿ ನಿಂತ ಅವನ ಉಬ್ಬುಶಿಲ್ಪವನ್ನು ಅರವತ್ತು ಗಾಲ್ಫ್ ಸಂಘಗಳು ಹಣ ಕೂಡಿಸಿ ನಿಲ್ಲಿಸಿದವು. ತಂದೆ ಮುಂದೆ ಮೂವತ್ತೆರಡು ವರ್ಷ ಬದುಕಿ, ಅದೇ ಊರಿನ ಮೈದಾನವನ್ನು ಬಹುಕಾಲ ನೋಡಿಕೊಂಡು, 1908ರಲ್ಲಿ ಮಗನ ಪಕ್ಕಕ್ಕೆ ಹೋಗಿ ಮಲಗಿದ. ಭಾನುವಾರ ಮೈದಾನಕ್ಕೆ ವಿಶ್ರಾಂತಿ ಬೇಕು ಎಂಬುದನ್ನು ಬಿಡದೆ ನಡೆಸಿಕೊಂಡು ಬಂದವನು ಅವನೇ. ನಾವು ಅಂದು ಆ ಹುಲ್ಲಿನ ಮೇಲೆ ಸುತ್ತಾಡಿದ್ದೂ ಅವನ ಪುಣ್ಯವೇ.

ಮುಂದಿನ ಕಾಲು ಶತಮಾನದಲ್ಲಿ ಪಂದ್ಯಾವಳಿ ಬೆಳೆಯಿತು. 1890ರಲ್ಲಿ ಜಾನ್ ಬಾಲ್ ಎಂಬ ಇಂಗ್ಲಿಷ್ ಹವ್ಯಾಸಿ ಗೆದ್ದು ಸ್ಕಾಟರ ಏಕಸ್ವಾಮ್ಯವನ್ನು ಮುರಿದ. 1892ರಿಂದ ಆಟ 72 ಕುಳಿಗಳಿಗೆ ಹಿಗ್ಗಿತು. 1894ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿನ ನೆಲದಲ್ಲಿ, ಸ್ಯಾಂಡ್‌ವಿಚ್ ಎಂಬಲ್ಲಿ ನಡೆಯಿತು. ಅಲ್ಲಿ ಗೆದ್ದ ಜೆ. ಎಚ್. ಟೇಲರ್, ಅವನ ಜೊತೆಗೆ ಹ್ಯಾರಿ ವಾರ್ಡನ್ ಮತ್ತು ಜೇಮ್ಸ್ ಬ್ರೇಡ್, ಈ ಮೂವರೇ 1894ರಿಂದ 1914ರವರೆಗಿನ 21 ಪಂದ್ಯಾವಳಿಗಳಲ್ಲಿ 16ನ್ನು ಹಂಚಿಕೊಂಡರು. ವಾರ್ಡನ್ ಗೆದ್ದದ್ದು ಆರು ಸಲ. ಅದನ್ನು ಇಂದಿಗೂ ಯಾರೂ ಸರಿಗಟ್ಟಿಲ್ಲ. ವಾರ್ಡನ್ ತೋಟದ ಮಾಲಿಯ ಮಗ. ಬ್ರೇಡ್ ಉಳುವವನ ಮಗ, ಬಡಗಿ. ಟೇಲರ್ ಕೂಲಿಯವನ ಮಗ. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಟ್ಟು, ಡೆವನ್ ಸೀಮೆಯ ತನ್ನ ಊರಿನ ಮೈದಾನದಲ್ಲಿ ಕ್ಯಾಡಿಯಾಗಿ ದುಡಿದವನು. ಜನ ಇವರನ್ನು ನೋಡಲು ಸಾವಿರಗಟ್ಟಲೆ ಸೇರುತ್ತಿದ್ದರು. ಆದರೆ ಆಟ ಮುಗಿದ ಮೇಲೆ ಈ ಚಾಂಪಿಯನ್ನರಿಗೆ ಕ್ಲಬ್ಬಿನ ಮನೆಯ ಒಳಗೆ ಪ್ರವೇಶವಿರಲಿಲ್ಲ. ಅವರು ಬಟ್ಟೆ ಬದಲಿಸುತ್ತಿದ್ದುದು ಕೋಲು ಮಾರುವ ಅಂಗಡಿಯಲ್ಲಿ.

ಇದು ನಮಗೆ ಅಪರಿಚಿತವಾದ ವ್ಯವಸ್ಥೆಯೇನೂ ಅಲ್ಲ. ನಮ್ಮ ವೃತ್ತಿ ನಾಟಕ ಕಂಪನಿಗಳ ಕಾಲವನ್ನು ನೆನೆಯಿರಿ. ರಾತ್ರಿ ರಾಜನ ಪಾತ್ರ ಕಟ್ಟಿದವನಿಗೆ ಚಪ್ಪಾಳೆಯ ಸುರಿಮಳೆ. ಬೆಳಿಗ್ಗೆ ಅದೇ ಊರಿನಲ್ಲಿ ಅವನಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಕೆ. ವೃತ್ತಿ ಮತ್ತು ಹವ್ಯಾಸ ಎಂಬ ಎರಡು ಪದಗಳ ನಡುವೆ ಎಷ್ಟೊಂದು ಗೋಡೆಗಳಿವೆ!

ಈ ಗೋಡೆಯನ್ನು ಮೊದಲು ತಟ್ಟಿದವನು ಅಮೆರಿಕದ ವಾಲ್ಟರ್ ಹೇಗನ್. 1920ರಲ್ಲಿ ಡೀಲ್ ಎಂಬಲ್ಲಿ ಆಡಲು ಬಂದ ಅವನಿಗೂ ಅಂಗಡಿಯನ್ನೇ ತೋರಿಸಿದರು. ಅವನು ಜಗಳವಾಡಲಿಲ್ಲ. ದೊಡ್ಡದೊಂದು ಮೋಟಾರು ಕಾರನ್ನು ಬಾಡಿಗೆಗೆ ತರಿಸಿ, ಕ್ಲಬ್ಬಿನ ಮುಂಬಾಗಿಲಿನ ಎದುರಿಗೇ ನಿಲ್ಲಿಸಿ, ಅದರೊಳಗೆ ಕುಳಿತು ಬಟ್ಟೆ ಬದಲಿಸಿದ. ಆ ಸಲ ಆಟದಲ್ಲಿ ಅವನು ಬಹಳ ಹಿಂದೆ ಬಿದ್ದ. 1922ರಲ್ಲಿ ಮತ್ತೆ ಬಂದು ಗೆದ್ದ. ಗೆದ್ದ ಹಣವನ್ನು ತನ್ನ ಕ್ಯಾಡಿಯ ಕೈಗಿತ್ತ. 1923ರಲ್ಲಿ ಟ್ರೂನ್ ಎಂಬಲ್ಲಿ ಒಂದೇ ಹೊಡೆತದಿಂದ ಸೋತು ಎರಡನೆಯವನಾದ. ವಾರವೆಲ್ಲ ವೃತ್ತಿಯವರನ್ನು ಹೊರಗಿಟ್ಟಿದ್ದ ಕ್ಲಬ್ಬಿನವರು ಬಹುಮಾನ ಕೊಡುವ ಹೊತ್ತಿಗೆ ಒಳಗೆ ಬಾ ಎಂದು ಕರೆದರು. ಹೇಗನ್ ಹೋಗಲಿಲ್ಲ. ನೆರೆದ ಜನರನ್ನೆಲ್ಲ ಎದುರಿನ ಪಾನಗೃಹಕ್ಕೆ ಕರೆದುಕೊಂಡು ಹೋದ.

ಹೇಗನ್ ಮಾಡಿದ್ದು ಠೀವಿಯ ಪ್ರತಿಭಟನೆ. ಟೇಲರನದು ಬೇರೆ ದಾರಿ. 1901ರಲ್ಲಿ ವೃತ್ತಿ ಆಟಗಾರರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದವನು ಅವನೇ. ಕೂಲಿ, ಕೆಲಸ, ಮರ್ಯಾದೆ, ಇವುಗಳಿಗಾಗಿ ಐವತ್ತು ವರ್ಷ ಸಹನೆಯಿಂದ ದುಡಿದ. ಕಡೆಗೆ ರಾಯಲ್ ಅಂಡ್ ಏನ್ಷಂಟ್ ಕ್ಲಬ್ಬು ಅವನನ್ನು ಗೌರವ ಸದಸ್ಯನನ್ನಾಗಿ ಮಾಡಿಕೊಂಡಿತು. ಸ್ಯಾಂಡ್‌ವಿಚ್ಚಿನಲ್ಲಿ ಗೆದ್ದು ಆಗಲೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು. 1957ರಲ್ಲಿ, ಬಾಲ್ಯದಲ್ಲಿ ಯಾವ ಕ್ಲಬ್ಬಿನ ಚೀಲಗಳನ್ನು ಹೊತ್ತಿದ್ದನೋ ಅದೇ ಕ್ಲಬ್ಬಿಗೆ ಅವನು ಅಧ್ಯಕ್ಷನಾದ. ಮುಂಬಾಗಿಲನ್ನು ದಾಟುವಾಗ ಅವನಿಗೆ 86 ವರ್ಷ.

ಅದನ್ನು ಓದಿದಾಗ ನನಗೆ ಸಂತೋಷವಾಯಿತೋ ವ್ಯಥೆಯಾಯಿತೋ ಹೇಳಲಾರೆ. ನಾನು ಅಧ್ಯಾಪಕನಾದ ಕೆಲವು ವರ್ಷಗಳ ಮೇಲೆ ನಮ್ಮ ಊರಿನ ಆ ಕ್ಲಬ್ಬಿನವರು ರಾಜ್ಯೋತ್ಸವದ ಭಾಷಣಕ್ಕೆ ನನ್ನನ್ನು ಕರೆದರು. ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋದೆ. ಗೇಟಿನವರೆಗೆ ಬಂದ ಅವರು, "ನೀನು ಹೋಗಿ ಬಾಪ್ಪ, ನಾನು ಇಲ್ಲೇ ಇರ್ತೀನಿ" ಎಂದು ಟೆನಿಸ್ ಅಂಕಣದ ಪಕ್ಕದ ಹುಣಸೆಮರದ ಕೆಳಗೆ ಕುಳಿತರು. ಎಷ್ಟು ಹೇಳಿದರೂ ಏಳಲಿಲ್ಲ. ನಾನು ಒಳಗೆ ಕನ್ನಡದ ಹಿರಿಮೆಯನ್ನು ಕುರಿತು ಒಂದು ಗಂಟೆ ಮಾತನಾಡಿ ಹೊರಗೆ ಬಂದಾಗ ಅವರು ಹೇಳಿದ್ದು ಇಷ್ಟೇ: "ಗೆರೆ ಯಾರು ಹಾಕ್ತಾರೋ ಈಗ, ಸೊಟ್ಟಗಿದೆ." ಬಾಗಿಲು ತೆರೆಯುವುದು ತಡವಾದರೆ ಒಳಗೆ ಹೋಗುವ ಇಚ್ಛೆಯೇ ಸತ್ತುಹೋಗಿರುತ್ತದೆ ಎಂಬುದು ಅಂದು ನನಗೆ ತಿಳಿಯಿತು.

ಇನ್ನು ಜಗತ್ತಿಗೆ ತೆರೆದದ್ದು ಎಂಬ ಮಾತಿಗೆ ಬರೋಣ. 1907ರಲ್ಲಿ ಫ್ರಾನ್ಸಿನ ಆರ್ನೋ ಮಾಸಿ ಗೆದ್ದ. ಆಮೇಲೆ ಅಮೆರಿಕನ್ನರು ಬಂದರು. ಹವ್ಯಾಸಿಯಾಗಿಯೇ ಉಳಿದ ಬಾಬಿ ಜೋನ್ಸ್ 1926, 1927 ಮತ್ತು 1930ರಲ್ಲಿ ಗೆದ್ದ. ಎರಡನೆಯ ಮಹಾಯುದ್ಧದ ನಂತರ ದಕ್ಷಿಣ ಆಫ್ರಿಕದ ಬಾಬಿ ಲಾಕ್ ನಾಲ್ಕು ಸಲ, ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಐದು ಸಲ ಗೆದ್ದರು. ಇವೆಲ್ಲ ಹೆಸರುವಾಸಿಯಾದ ಸಂಗತಿಗಳು. ನಾನು ಹೇಳಬೇಕಾದದ್ದು ಹೂಜಿಯ ಮೇಲೆ ಹೆಸರಿಲ್ಲದ ಒಬ್ಬನನ್ನು ಕುರಿತು.

1860ರ ಅಕ್ಟೋಬರಿನಲ್ಲಿ ಪ್ರೆಸ್ಟ್‌ವಿಕ್ಕಿನಲ್ಲಿ ಎಂಟು ಮಂದಿ ಆಡುತ್ತಿದ್ದಾಗ, ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಕಡಲ ನಡುವೆ ಇತ್ತು. ನಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಕೊಂಡೊಯ್ದ ಭಾರತೀಯ ಕೂಲಿಗಳ ಮೊದಲ ತಂಡ ಅದರಲ್ಲಿತ್ತು. ನವೆಂಬರ್ 16ರಂದು ಅದು ಡರ್ಬನ್ ಬಂದರನ್ನು ಸೇರಿತು. ಹಾಗೆ ಅಲ್ಲಿ ಬೇರೂರಿದ ಭಾರತೀಯರ ನಡುವೆ ಹುಟ್ಟಿದವನು ಪಾಪ್ವಾ ಸೆವ್ಗೊಲಮ್. ಓದುಬರಹ ಬಾರದ ಕ್ಯಾಡಿ. ಕೋಲನ್ನು ಎಲ್ಲರಂತೆ ಹಿಡಿಯದೆ ಎಡಗೈಯನ್ನು ಬಲಗೈಯ ಕೆಳಗಿಟ್ಟು ಹಿಡಿಯುತ್ತಿದ್ದ. ತನ್ನ ದೇಶದಲ್ಲಿ ಬಿಳಿಯರ ಪಂದ್ಯಾವಳಿಗಳಲ್ಲಿ ಅವನಿಗೆ ಪ್ರವೇಶವಿರಲಿಲ್ಲ. ಹಿತೈಷಿಯೊಬ್ಬನ ನೆರವಿನಿಂದ ಯೂರೋಪಿಗೆ ಹೋಗಿ 1959ರಲ್ಲಿಯೂ 1960ರಲ್ಲಿಯೂ ಡಚ್ ಓಪನ್ ಗೆದ್ದ. 1963ರಲ್ಲಿ ನಟಾಲ್ ಓಪನ್‌ನಲ್ಲಿ ಆಡಲು ಕಡೆಗೂ ಅನುಮತಿ ದೊರೆತು, ಅದನ್ನೂ ಗೆದ್ದ. ಅಂದು ಮಳೆ ಬರುತ್ತಿತ್ತು. ಸೋತ ಬಿಳಿಯ ಆಟಗಾರರು ಕ್ಲಬ್ಬಿನ ಮನೆಯೊಳಗೆ ಬೆಚ್ಚಗಿದ್ದರು. ಗೆದ್ದವನು ಹೊರಗೆ ಮಳೆಯಲ್ಲಿ ನಿಂತು ತನ್ನ ಬಹುಮಾನವನ್ನು ತೆಗೆದುಕೊಂಡ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ಲಿಥಮ್ ಎಂಬಲ್ಲಿ ನಡೆದ ಓಪನ್‌ನಲ್ಲಿ ಅವನು ಎಲ್ಲರೊಡನೆ ಆಡಿ 13ನೆಯ ಸ್ಥಾನವನ್ನು ಹಂಚಿಕೊಂಡ. ಅಲ್ಲಿ ಅವನ ಹೊಡೆತಗಳನ್ನು ಮಾತ್ರ ಎಣಿಸಿದರು. ನೂರು ವರ್ಷಗಳ ಹಿಂದೆ ಬೇರೆ ಯಾವುದೋ ಉದ್ದೇಶಕ್ಕೆ ಆಡಿದ 'ಜಗತ್ತಿಗೇ ತೆರೆದದ್ದು' ಎಂಬ ಮಾತು ಆ ನಾಲ್ಕು ಸುತ್ತುಗಳ ಮಟ್ಟಿಗಾದರೂ ನಿಜವಾಯಿತು.

ಅವನ ಮುಂದಿನ ಕಥೆ ಸುಖದ್ದಲ್ಲ. 1965ರಲ್ಲಿ ನಟಾಲ್ ಓಪನ್‌ನಲ್ಲಿ ಗ್ಯಾರಿ ಪ್ಲೇಯರನನ್ನೇ ಸೋಲಿಸಿದ ಮೇಲೆ ಅಲ್ಲಿಯ ಸರ್ಕಾರ ಅವನಿಗೆ ಸ್ವದೇಶದ ಪಂದ್ಯಾವಳಿಗಳನ್ನು ಮುಚ್ಚಿತು, ಪಾಸ್‌ಪೋರ್ಟನ್ನೂ ಕಿತ್ತುಕೊಂಡಿತು. 1978ರಲ್ಲಿ ಅವನು ಬಡತನದಲ್ಲಿಯೇ ತೀರಿಕೊಂಡ. ಇಂದು ಡರ್ಬನ್ನಿನ ಒಂದು ಗಾಲ್ಫ್ ಮೈದಾನಕ್ಕೆ ಅವನ ಹೆಸರಿದೆ.

ಉಳಿದದ್ದು ಹೆಂಗಸರ ಮಾತು. ಅವರಿಗಾಗಿ 1976ರಿಂದ ಬೇರೆಯದೇ ಓಪನ್ ನಡೆಯುತ್ತಿದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡಿರುವುದು ಅದರಲ್ಲಿಯೇ. ಆದರೆ ಸೇಂಟ್ ಆಂಡ್ರೂಸಿನ ಆ ಕಲ್ಲಿನ ಮನೆಯ ಸದಸ್ಯತ್ವ ಹೆಂಗಸರಿಗೆ ದೊರೆತದ್ದು 2014ರಲ್ಲಿ. ಮ್ಯೂರ್‌ಫೀಲ್ಡ್ ಎಂಬ ಪ್ರಸಿದ್ಧ ಮೈದಾನದ ಕ್ಲಬ್ಬಿನವರು 2016ರಲ್ಲಿ ಹೆಂಗಸರು ಬೇಡವೆಂದರು. ಹಾಗಾದರೆ ನಿಮ್ಮಲ್ಲಿ ಓಪನ್ ನಡೆಯುವುದಿಲ್ಲ ಎಂದು ಪಂದ್ಯಾವಳಿಯನ್ನು ನಡೆಸುವವರು ಹೇಳಿದರು. ಮರುವರ್ಷವೇ ಮನಸ್ಸು ಬದಲಾಯಿತು. 2022ರಲ್ಲಿ ಹೆಂಗಸರ ಓಪನ್ ಅಲ್ಲಿಯೇ ನಡೆಯಿತು. ಕ್ಯಾಡಿಗಳ ಪಂದ್ಯವಾಗಿ ಹುಟ್ಟಿ, ಕ್ಲಬ್ಬುಗಳ ಅನುಗ್ರಹದಿಂದ ಬದುಕಿದ್ದ ಪಂದ್ಯಾವಳಿ ಈಗ ಕ್ಲಬ್ಬಿಗೇ ಬುದ್ಧಿ ಹೇಳುವಷ್ಟು ದೊಡ್ಡದಾಗಿತ್ತು.

ಅದೇ 2022ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ 150ನೆಯ ಓಪನ್ ನಡೆಯಿತು. ಎರಡು ಲಕ್ಷ ತೊಂಬತ್ತು ಸಾವಿರ ಜನ ನೋಡಲು ಬಂದರಂತೆ. ಗೆದ್ದ ಆಸ್ಟ್ರೇಲಿಯದ ಕ್ಯಾಮರನ್ ಸ್ಮಿತ್‌ಗೆ ದೊರೆತದ್ದು 25 ಲಕ್ಷ ಡಾಲರು. 1863ರಲ್ಲಿ ಮೊದಲ ಸಲ ಹಣದ ಬಹುಮಾನ ಇಟ್ಟಾಗ ಒಟ್ಟು ಹತ್ತು ಪೌಂಡು. ಅದನ್ನೂ ಹಂಚಿದ್ದು ಸೋತವರಿಗೆ, ಗೆದ್ದವನಿಗೆ ಪಟ್ಟಿಯೇ ಸಾಕೆಂದು.

ಆ ಭಾನುವಾರ ನಾವು ಸಮಾಧಿಯನ್ನು ನೋಡಿಕೊಂಡು ಮತ್ತೆ ಮೈದಾನಕ್ಕೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಕಡಲ ಗಾಳಿ ಬಲವಾಗಿ ಬೀಸುತ್ತಿತ್ತು. ಮಗಳು ಕಲ್ಲಿನ ಮನೆಯ ಕಡೆ ಕೈ ತೋರಿಸಿ, "ಒಳಗೆ ಹೋಗೋಕಾಗಲ್ಲ ಅಪ್ಪ, ಬೇಕಾದರೆ ಮೆಟ್ಟಿಲ ಹತ್ತಿರ ನಿಂತುಕೊಳ್ಳಿ, ಫೋಟೋ ತೆಗೀತೀನಿ" ಎಂದಳು. ನಾನು ಮೆಟ್ಟಿಲ ಬಳಿಗೆ ಹೋಗಲಿಲ್ಲ. ಆಟ ಆರಂಭಿಸುವ ಜಾಗದ ಅಂಚಿನಲ್ಲಿ ಬಗ್ಗಿ, ಹುಲ್ಲನ್ನು ಕತ್ತರಿಸಿದ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಬಹಳ ನೇರವಾಗಿತ್ತು. ತಂದೆಯವರಿದ್ದಿದ್ದರೆ ಒಪ್ಪುತ್ತಿದ್ದರು.